ಎರಡನೆಯ ಸಲ ಬರುವವರ ಕೆಫೆ

ಕೆಫೆಗಳ ವಿಮರ್ಶೆ ಸಾಮಾನ್ಯವಾಗಿ ಕಪ್ಪಿನಿಂದ ಶುರುವಾಗುತ್ತದೆ. ಬೀಜ ಎಲ್ಲಿಯದು, ಹುರಿದ ಹದ ಯಾವುದು, ಹಾಲಿನ ನೊರೆಯ ಮೇಲೆ ಮೂಡಿದ್ದ ಚಿತ್ತಾರ ಎಂಥದ್ದು ಎಂಬ ವಿವರಗಳೆಲ್ಲ ಮುಗಿದ ಮೇಲೆ ಜಾಗ ಉಳಿದಿದ್ದರೆ ಕುರ್ಚಿ, ಮೇಜು, ಗದ್ದಲಗಳ ಸರದಿ ಬರುತ್ತದೆ. ಈ ಬರಹದಲ್ಲಿ ಆ ಕ್ರಮವನ್ನು ತಿರುವುಮುರುವು ಮಾಡಿದ್ದೇನೆ. ವಿಮರ್ಶೆಗೆ ಎತ್ತಿಕೊಂಡಿರುವುದು ಯಾವುದೋ ಒಂದು ಅಂಗಡಿಯನ್ನಲ್ಲ, ಒಂದು ಬಗೆಯ ಅಂಗಡಿಯನ್ನು: ಬಹಳ ವರ್ಷಗಳಿಂದ ಒಂದೇ ರೀತಿಯಲ್ಲಿ ನಡೆದುಬಂದಿರುವ, ಒಂದೇ ಹಾಳೆಯಲ್ಲಿ ಮುಗಿಯುವ ಮೆನುವಿನ, ನೋಡಿದ ತಕ್ಷಣ ಬೆರಗು ಹುಟ್ಟಿಸದ ಸಾದಾ ಕೆಫೆಯನ್ನು. ಅದರ ಎದುರಿಗೆ ನಿಲ್ಲಿಸಿಕೊಂಡಿರುವುದು ಇತ್ತೀಚಿನ ಶೋಕಿಯ ಕೆಫೆಯನ್ನು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಶೋಕಿಯ ಕೆಫೆ ಗಿರಾಕಿಯ ಮೊದಲ ಭೇಟಿಗಾಗಿ ಕಟ್ಟಿದ್ದು. ಸಾದಾ ಕೆಫೆ ಎರಡನೆಯ ಭೇಟಿಗಾಗಿ ಮತ್ತು ಅದರ ನಂತರದ ಎಲ್ಲ ಭೇಟಿಗಳಿಗಾಗಿ ಕಟ್ಟಿದ್ದು. ಕುರ್ಚಿಯಿಂದ ಹಿಡಿದು ಬಿಲ್ಲಿನವರೆಗೆ ಇವೆರಡರ ನಡುವೆ ಕಾಣುವ ಹೆಚ್ಚಿನ ವ್ಯತ್ಯಾಸಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಹಳೆಯದೆಲ್ಲ ಒಳ್ಳೆಯದು ಎಂಬ ಹಳಹಳಿಕೆಗೂ ಈ ತೀರ್ಪಿಗೂ ಸಂಬಂಧವಿಲ್ಲ. ಇಂದು ನಾವು ಸಾದಾ ಎನ್ನುವ ಕೆಫೆ ಒಂದು ಕಾಲಕ್ಕೆ ಬಲು ಹೊಸದಾಗಿತ್ತು, ಕೆಲವರ ಕಣ್ಣಿಗೆ ಅಹಂಕಾರದ ವಸ್ತುವೂ ಆಗಿತ್ತು. 1899ರಲ್ಲಿ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ವಿಯೆನ್ನಾದಲ್ಲಿ ಕೆಫೆ ಮ್ಯೂಸಿಯಂನ ಒಳಾಂಗಣವನ್ನು ರೂಪಿಸಿದಾಗ, ಆ ಕಾಲದ ಬಳ್ಳಿಹೂವುಗಳ ಅಲಂಕಾರವನ್ನೆಲ್ಲ ಕಿತ್ತೊಗೆದು ಬೋಳು ಗೋಡೆಗಳನ್ನೂ ಬಾಗಿಸಿದ ಮರದ ಹಗುರ ಕುರ್ಚಿಗಳನ್ನೂ ಇಟ್ಟನು. ನಗರದ ಜನ ಅದನ್ನು 'ಕೆಫೆ ನಿಹಿಲಿಸಂ', ಅಂದರೆ ಶೂನ್ಯವಾದದ ಕೆಫೆ, ಎಂದು ಹಂಗಿಸಿದರು. ಕಥೆ ಅಲ್ಲಿಗೇ ನಿಂತಿದ್ದರೆ ಸರಳತೆಗೆ ಸಂದ ಜಯ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಆದರೆ 1930ರ ದಶಕದಲ್ಲಿ ಯೋಸೆಫ್ ಜೋಟಿ ಎಂಬಾತ ಅದೇ ಕೆಫೆಗೆ ಮೆತ್ತೆ ಹೊದಿಸಿದ ಆಸನಗಳನ್ನು ತಂದನು. 2003ರಲ್ಲಿ ಲೋಸ್‌ನ ಮೂಲ ವಿನ್ಯಾಸವನ್ನು ಶ್ರದ್ಧೆಯಿಂದ ಮರುಸ್ಥಾಪಿಸಿದರಾದರೂ 2010ರ ನವೀಕರಣದಲ್ಲಿ ಮತ್ತೆ ಜೋಟಿಯ ಮೆತ್ತೆಗಳಿಗೇ ಮರಳಿದರು. ನನಗೆ ಈ ಕೊನೆಯ ತಿರುವು ಬಹಳ ಹಿಡಿಸಿದೆ. ಸರಳತೆಯೂ ಪ್ರದರ್ಶನದ ವಸ್ತುವಾಗಬಲ್ಲದು. ಬಹುಕಾಲ ಕುಳಿತಿರುವವನ ಬೆನ್ನಿಗೆ ಅಂಥ ಸರಳತೆಗಿಂತ ಮೆತ್ತೆಯೇ ಮೇಲು. ಆದ್ದರಿಂದ ಈ ವಿಮರ್ಶೆಯಲ್ಲಿ 'ಸಾದಾ' ಎಂದರೆ ಬೋಳು ಎಂದಲ್ಲ, ಬಳಕೆಯಿಂದ ಹದಗೊಂಡದ್ದು ಎಂದು ಓದಿಕೊಳ್ಳಬೇಕು.

ಕುರ್ಚಿಯ ಮಾತು ಬಂದದ್ದರಿಂದ ಅದನ್ನೇ ಮೊದಲು ಪರಿಶೀಲಿಸೋಣ. ಹಳೆಯ ಕೆಫೆಗಳ ಗುರುತಾಗಿ ಜಗತ್ತಿನ ನಾನಾ ಕಡೆ ಕಾಣುವ ಬಾಗು ಬೆನ್ನಿನ ಕುರ್ಚಿ ಮೈಕೆಲ್ ಥೋನೆಟ್‌ನ ಕಾರ್ಖಾನೆಯಿಂದ 1859ರಲ್ಲಿ ಹೊರಬಂದ 14ನೆಯ ಸಂಖ್ಯೆಯ ಮಾದರಿ. ಬೀಚ್ ಮರದ ಸರಳುಗಳನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿದ ಆರು ಮರದ ತುಂಡುಗಳು, ಹತ್ತು ಸ್ಕ್ರೂಗಳು, ಎರಡು ನಟ್‌ಗಳು ಸೇರಿದರೆ ಒಂದು ಕುರ್ಚಿ. ಬಿಡಿಬಿಡಿಯಾಗಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದವು. ಅದು ಇಷ್ಟು ದೂರ ಹರಡಿದ್ದಕ್ಕೆ ಅಗ್ಗದ ಸಾಗಾಟವೇ ಮುಖ್ಯ ಕಾರಣ, ಸೌಂದರ್ಯಪ್ರಜ್ಞೆಯಲ್ಲ. ಆದರೂ ಕೆಫೆಗೆ ಅದು ಹೇಳಿಮಾಡಿಸಿದಂತೆ ಒಗ್ಗಿತು. ಒಂದೇ ಕೈಯಲ್ಲಿ ಎತ್ತಿ ಪಕ್ಕದ ಮೇಜಿಗೆ ಒಯ್ಯುವಷ್ಟು ಹಗುರವಾಗಿರುವುದರಿಂದ ಇಬ್ಬರಿದ್ದ ಮೇಜು ಕ್ಷಣದಲ್ಲಿ ಐವರ ಮೇಜಾಗುತ್ತದೆ. ಬೆತ್ತದ ಹೆಣಿಗೆಯ ಆಸನ ಹರಿದರೆ ಅದನ್ನಷ್ಟೇ ಹೊಸದಾಗಿ ಹೆಣೆಸಬಹುದು. ಬೆನ್ನು ತುಸು ಒರಗಿದರೂ ನಿದ್ದೆ ಬರುವಷ್ಟು ಒರಗುವುದಿಲ್ಲ. ಇದಕ್ಕೆ ಜೊತೆಯಾಗಿ, ಕಲೆ ಹಿಡಿದರೆ ಒರೆಸಿ ಮರೆಯಬಹುದಾದ ಅಮೃತಶಿಲೆಯ ಪುಟ್ಟ ದುಂಡು ಮೇಜು ಮತ್ತು ಮೊಣಕೈ ಊರಲು ತಕ್ಕ ಎತ್ತರ. ಶೋಕಿಯ ಕೆಫೆಗಳಲ್ಲಿ ನಾನು ಕಂಡ ಆಸನಗಳಲ್ಲಿ ಹೆಚ್ಚಿನವು ಎರಡು ಅತಿರೇಕಗಳವು. ಒಂದೋ ಕಾಲು ನೆಲಕ್ಕೆ ಎಟುಕದ, ಬೆನ್ನಿಗೆ ಆಸರೆಯಿಲ್ಲದ ಎತ್ತರದ ಸ್ಟೂಲು. ಇಲ್ಲವೇ ಕೂತವರು ಹೂತುಹೋಗುವ ಸೋಫಾ, ಅದರ ಮುಂದೆ ಮೊಣಕಾಲಿನ ಎತ್ತರಕ್ಕೂ ಬಾರದ ಟೀಪಾಯಿ. ಮೊದಲನೆಯದರಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಏಳಬೇಕೆನಿಸುತ್ತದೆ, ಎರಡನೆಯದರಲ್ಲಿ ಕಪ್ಪು ಎತ್ತಿಕೊಳ್ಳುವುದಕ್ಕೇ ಅರ್ಧ ಏಳಬೇಕಾಗುತ್ತದೆ. ಎರಡೂ ಫೋಟೋದಲ್ಲಿ ಚೆನ್ನಾಗಿ ಬರುತ್ತವೆ ಎಂಬುದನ್ನು ಒಪ್ಪುತ್ತೇನೆ.

ಆದರೆ ಕುರ್ಚಿಗಿಂತ ದೊಡ್ಡ ವ್ಯತ್ಯಾಸ ಕಿವಿಗೆ ಸಂಬಂಧಿಸಿದ್ದು, ಮತ್ತು ಕೆಫೆಗಳನ್ನು ಕುರಿತು ಬರೆಯುವವರು ಅದನ್ನು ಅಚ್ಚರಿಯಾಗುವಷ್ಟು ಕಡೆಗಣಿಸಿದ್ದಾರೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತೇ ಅರ್ಥವಾಗದಷ್ಟು ಮಾರ್ದನಿಗೊಡುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಯುವ ಭೌತವಿಜ್ಞಾನಿಯ ಪಾಲಿಗೆ ಬಂತು. ಆತ ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯಲ್ಲಿ ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ, ಅದರ ದನಿ ಅಡಗಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಅಳೆದನು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಮಾರ್ದನಿ ಹೆಚ್ಚು ಹೊತ್ತು ಉಳಿಯುತ್ತದೆ, ದನಿಯನ್ನು ಹೀರುವ ಮೇಲ್ಮೈ ಹೆಚ್ಚಿದಷ್ಟೂ ಬೇಗ ಅಡಗುತ್ತದೆ ಎಂಬ ಅವನ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಈಗ ಶೋಕಿಯ ಕೆಫೆಯ ಒಳಗನ್ನು ನೆನಪಿಸಿಕೊಳ್ಳಿ: ಪಾಲಿಶ್ ಮಾಡಿದ ಕಾಂಕ್ರೀಟ್ ನೆಲ, ಗಾರೆ ಹಚ್ಚದ ಇಟ್ಟಿಗೆ ಗೋಡೆ, ನೆಲದಿಂದ ಚಾವಣಿಯವರೆಗಿನ ಗಾಜು, ತಗಡಿನ ಕೊಳವೆಗಳು ಕಾಣುವಂತೆ ತೆರೆದಿಟ್ಟ ಎತ್ತರದ ಮಾಡು. ಗಾತ್ರ ದೊಡ್ಡದು, ಹೀರುವ ಮೇಲ್ಮೈ ಇಲ್ಲವೇ ಇಲ್ಲ. ಸೇಬಿನ್‌ನ ಸೂತ್ರಕ್ಕೆ ಇದಕ್ಕಿಂತ ಕೆಟ್ಟ ಕೋಣೆಯನ್ನು ಬೇಕೆಂದೇ ಕಟ್ಟುವುದೂ ಕಷ್ಟ. ಹಳೆಯ ಕೆಫೆಯ ತಗ್ಗಿನ ಚಾವಣಿ, ಮರದ ಹಲಗೆ ಹೊದಿಸಿದ ಗೋಡೆ, ದಪ್ಪ ಪರದೆ, ಗೂಟಕ್ಕೆ ತೂಗುಹಾಕಿದ ಕೋಟುಗಳು, ಗೋಡೆಗೆ ಅಂಟಿದ ಮೆತ್ತೆಯ ಬೆಂಚು ಇವೆಲ್ಲ ಯಾರೂ ಲೆಕ್ಕ ಹಾಕದೆಯೇ ದನಿಯನ್ನು ಹೀರುತ್ತವೆ.

ಮಾರ್ದನಿ ತನ್ನಷ್ಟಕ್ಕೆ ನಿಲ್ಲುವುದೂ ಇಲ್ಲ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದ ಈ ಪ್ರವೃತ್ತಿಗೆ ಅವನ ಹೆಸರೇ ಉಳಿದಿದೆ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದ ಮೇಜಿನವರೂ ಏರಿಸಬೇಕು. ಅವರೆಲ್ಲರ ದನಿಯನ್ನು ಮೀರಲು ಸಂಗೀತದ ಪೆಟ್ಟಿಗೆಯನ್ನು ಇನ್ನಷ್ಟು ತಿರುಗಿಸಲಾಗುತ್ತದೆ. ಅದಕ್ಕಾಗಿ ಮತ್ತೆ ಎಲ್ಲರೂ ಏರಿಸುತ್ತಾರೆ. ಅರ್ಧ ಗಂಟೆಯ ನಂತರ ಗಂಟಲು ನೋಯುವುದು ಕಾಫಿಯಿಂದಲ್ಲ. ಸಂಗೀತದ ವಿಚಾರದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ರೊನಾಲ್ಡ್ ಮಿಲಿಮನ್ 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿಧಾನ ಲಯದ ಸಂಗೀತ ಕೇಳಿಸುತ್ತಿದ್ದಾಗ ಉಪಾಹಾರಗೃಹದ ಗಿರಾಕಿಗಳು ಸರಾಸರಿ 56 ನಿಮಿಷ ಕುಳಿತಿದ್ದರು, ವೇಗದ ಲಯವಿದ್ದಾಗ 45 ನಿಮಿಷ. ಮೇಜು ಬೇಗ ಖಾಲಿಯಾಗಬೇಕೆನ್ನುವ ಮಾಲೀಕರಿಗೆ ಇದು ಗೊತ್ತಿರದ ವಿಷಯವೇನಲ್ಲ. ಹಳೆಯ ಕೆಫೆಗಳಲ್ಲಿ ಬಹಳಷ್ಟು ಕಡೆ ಸಂಗೀತವೇ ಇರುವುದಿಲ್ಲ. ಇದ್ದರೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ತಮಗಾಗಿ ಹಚ್ಚಿಕೊಂಡ ರೇಡಿಯೊ ಇರುತ್ತದೆ. ಅದರಾಚೆಗೆ ಕೇಳಿಸುವುದು ಸಾಸರಿನ ಮೇಲೆ ಚಮಚ ತಾಗಿದ ಸದ್ದು, ಪತ್ರಿಕೆಯ ಹಾಳೆ ಮಗುಚಿದ ಸದ್ದು, ಹಬೆಯ ಯಂತ್ರದ ಉಸಿರು. ಪಿಸುದನಿಯಲ್ಲಿ ಹೇಳಿದರೂ ಎದುರಿನವರಿಗೆ ಕೇಳಿಸುತ್ತದೆ, ಪಕ್ಕದವರಿಗೆ ಕೇಳಿಸುವುದಿಲ್ಲ. ಕೆಫೆಯೊಂದನ್ನು ಒಂದೇ ಅಳತೆಯಿಂದ ತೂಗಬೇಕೆಂದು ಯಾರಾದರೂ ಹಟ ಹಿಡಿದರೆ ನಾನು ಈ ಅಳತೆಯನ್ನೇ ಕೈಗೆತ್ತಿಕೊಳ್ಳುತ್ತೇನೆ.

ಮೆನುವಿನ ಬಗ್ಗೆ ಎಲ್ಲರೂ ಹೇಳುವ ಮಾತೊಂದಿದೆ: ಆಯ್ಕೆ ಹೆಚ್ಚಾದಷ್ಟೂ ಜನ ಗೊಂದಲಕ್ಕೆ ಬೀಳುತ್ತಾರೆ, ಆದ್ದರಿಂದ ಚಿಕ್ಕ ಮೆನು ಒಳ್ಳೆಯದು ಎಂದು. ಇದಕ್ಕೆ ಆಧಾರವಾಗಿ ಮುಂದಿಡುವುದು ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗವನ್ನು. 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಶೇಕಡ 3ರಷ್ಟು ಜನ ಕೊಂಡರು, ಆರೇ ಬಗೆ ಇಟ್ಟಾಗ ಶೇಕಡ 30ರಷ್ಟು. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2010ರ ವಿಶ್ಲೇಷಣೆಯೊಂದರಲ್ಲಿ ಈ ಪರಿಣಾಮದ ಸರಾಸರಿ ಸುಮಾರು ಸೊನ್ನೆಗೆ ಬಂದು ನಿಂತಿತು. ಹಾಗಾಗಿ ಆ ವಾದವನ್ನು ನಾನು ಬಳಸುವುದಿಲ್ಲ. ಚಿಕ್ಕ ಮೆನುವಿನ ಗುಣ ಅಡುಗೆಮನೆಯ ಕಡೆಯಿಂದ ಬರುತ್ತದೆ. ಹತ್ತೇ ಪದಾರ್ಥ ಮಾಡುವ ಕಡೆ ಪ್ರತಿಯೊಂದೂ ದಿನಕ್ಕೆ ಹಲವು ಸಲ ತಯಾರಾಗುತ್ತದೆ, ಹಾಲು ಹಳಸುವಷ್ಟು ಹೊತ್ತು ನಿಲ್ಲುವುದಿಲ್ಲ, ಹುರಿದ ಬೀಜದ ಚೀಲ ಗಾಳಿ ಕುಡಿದು ಸಪ್ಪೆಯಾಗುವ ಮೊದಲೇ ಖಾಲಿಯಾಗುತ್ತದೆ, ಮಾಡುವವರ ಕೈ ಅಳತೆ ನೋಡದೆಯೇ ಸರಿಯಾದ ಪ್ರಮಾಣಕ್ಕೆ ನಿಲ್ಲುತ್ತದೆ. ಅರವತ್ತು ಪಾನೀಯಗಳ ಪಟ್ಟಿಯಲ್ಲಿ ತಿಂಗಳಿಗೊಮ್ಮೆ ಯಾರೋ ಕೇಳುವ ಪಾನೀಯದ ಸಿರಪ್ಪಿನ ಶೀಸೆಗೆ ಎಷ್ಟು ವಯಸ್ಸಾಗಿದೆ ಎಂದು ವಿಚಾರಿಸುವ ಧೈರ್ಯ ನನಗಿಲ್ಲ. ಗಿರಾಕಿಯ ಕಡೆಯಿಂದ ನೋಡಿದರೂ ಮುಖ್ಯವಾದುದು ಸಂಖ್ಯೆಯಲ್ಲ, ಸ್ಥಿರತೆ: ಕಳೆದ ಸಲ ಹಿಡಿಸಿದ್ದು ಈ ಸಲವೂ ಅಲ್ಲಿಯೇ ಇರುತ್ತದೆ ಎಂಬ ಭರವಸೆ. ಋತುವಿಗೊಂದು ಮೆನು ಬದಲಿಸುವ ಕೆಫೆಯಲ್ಲಿ ಹಳೆಯ ಗಿರಾಕಿಯೂ ಪ್ರತಿ ಸಲ ಹೊಸಬನೇ. ಇನ್ನು, ಮೇಜಿನ ಮೇಲಿನ ಕ್ಯೂಆರ್ ಚೌಕಕ್ಕೆ ಫೋನು ಹಿಡಿದು ಮೆನು ಓದಬೇಕಾದ ಕಡೆ, ಫೋನನ್ನು ಜೇಬಿನಲ್ಲಿಟ್ಟು ಮಾತಾಡಲೆಂದು ಬಂದವರ ಕೈಗೆ ಅದೇ ಫೋನನ್ನು ಮರಳಿ ಕೊಟ್ಟಂತಾಗುತ್ತದೆ.

ಈಗ ಕಾಫಿಗೆ ಬರಬೇಕು, ಇಲ್ಲಿ ನ್ಯಾಯವಾಗಿ ಹೇಳಬೇಕಾದ್ದು ಹಳೆಯ ಕೆಫೆಗೆ ಅಷ್ಟೇನೂ ಅನುಕೂಲವಲ್ಲ. ಎಸ್ಪ್ರೆಸ್ಸೊ ಯಂತ್ರದ ಚರಿತ್ರೆ ಹಳೆಯ ಕೆಫೆಗಳದೇ ಚರಿತ್ರೆ: 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಹಬೆಯಿಂದ ನಡೆಯುವ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದನು, 1901ರಲ್ಲಿ ಮಿಲಾನಿನ ಲುಯಿಜಿ ಬೆಜೆರಾ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಾಫಿ ಇಳಿಸುವ ಯಂತ್ರವನ್ನು ರೂಪಿಸಿದನು, ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜ್ಜಿಯಾನ ಸನ್ನೆಕೋಲಿನ ಯಂತ್ರ ಹಬೆಯ ಬದಲು ಸ್ಪ್ರಿಂಗಿನ ಒತ್ತಡ ಬಳಸಿದ್ದರಿಂದ ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು, 1961ರಲ್ಲಿ ಫೇಮಾ ಕಂಪನಿಯ ಇ61 ಎಂಬ ಯಂತ್ರ ವಿದ್ಯುತ್ ಪಂಪಿನಿಂದ ಸುಮಾರು ಒಂಬತ್ತು ಪಟ್ಟು ವಾಯುಭಾರದ ಒತ್ತಡವನ್ನು ಒಂದೇ ಸಮನೆ ಕೊಡತೊಡಗಿತು. ಆ ಬಗೆಯ ಯಂತ್ರಗಳು ಇಂದಿಗೂ ಕೆಲಸ ಮಾಡುತ್ತಿವೆ, ಚೆನ್ನಾಗಿಯೇ ಮಾಡುತ್ತಿವೆ. ತೊಂದರೆ ಇರುವುದು ಬೀಜದಲ್ಲಿ. ಬಹಳಷ್ಟು ಹಳೆಯ ಕೆಫೆಗಳು ಬೀಜವನ್ನು ಕಪ್ಪಗೆ, ಎಣ್ಣೆ ಹೊರಸೂಸುವವರೆಗೆ ಹುರಿದದ್ದನ್ನೇ ಕೊಳ್ಳುತ್ತವೆ. ಅಂಥ ಹುರಿತದಲ್ಲಿ ಎಲ್ಲ ನಾಡಿನ ಬೀಜವೂ ಒಂದೇ ರುಚಿಗೆ ಬಂದುಬಿಡುತ್ತದೆ. ಯಾವ ತೋಟ, ಯಾವ ಎತ್ತರ, ಹಣ್ಣನ್ನು ತೊಳೆದು ಒಣಗಿಸಿದರೋ ಇಡಿಯಾಗಿ ಒಣಗಿಸಿದರೋ ಎಂಬುದನ್ನೆಲ್ಲ ನಾಲಗೆಯ ಮೇಲೆ ಗುರುತಿಸಬಹುದು ಎಂದು ಸಾಮಾನ್ಯ ಗಿರಾಕಿಗೆ ಕಲಿಸಿದ್ದು ಹೊಸ ಕೆಫೆಗಳೇ. ನೀರಿನ ಬಿಸಿಯನ್ನು 90ರಿಂದ 96 ಡಿಗ್ರಿ ಸೆಲ್ಸಿಯಸ್‌ನ ನಡುವೆ ಹಿಡಿದಿಡುವುದು, ಪುಡಿಯನ್ನು ಗ್ರಾಮಿನ ಹತ್ತನೆಯ ಒಂದರಷ್ಟು ನಿಖರವಾಗಿ ತೂಗುವುದು, ಕೇಳಿದ ಮೇಲಷ್ಟೇ ಬೀಜ ಬೀಸುವುದು ಇವು ನಿಜವಾದ ಸುಧಾರಣೆಗಳು. ಇವನ್ನು ಶೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಹಾಲು ಬೆರೆಸದ ಕಾಫಿಯನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ಕುಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಹೊಸ ಕೆಫೆಯೇ ಗೆಲ್ಲುತ್ತದೆ.

ಹಾಲು ಬೆರೆತ ಮೇಲೆ ಮಾತ್ರ ಲೆಕ್ಕ ಬದಲಾಗುತ್ತದೆ. ಕಡುವಾಗಿ ಹುರಿದ, ತುಸು ರೊಬಸ್ಟಾ ಸೇರಿದ ಮಿಶ್ರಣದ ಕಹಿಯೂ ಮೈತುಂಬಿದ ಗುಣವೂ ಹಾಲನ್ನು ದಾಟಿ ನಾಲಗೆಗೆ ಮುಟ್ಟುತ್ತವೆ. ತೆಳುವಾಗಿ ಹುರಿದ ಅರೇಬಿಕಾದ ಹಣ್ಣಿನ ಹುಳಿ ಹಾಲಿನೊಂದಿಗೆ ಅಷ್ಟಾಗಿ ಕೂಡಿ ಬಾಳುವುದಿಲ್ಲ. ಜೊತೆಗೆ ಪಾತ್ರೆಯ ಪ್ರಶ್ನೆಯೂ ಇದೆ. ಹಳೆಯ ಕೆಫೆಯ ದಪ್ಪ ಅಂಚಿನ ಪಿಂಗಾಣಿ ಕಪ್ಪನ್ನು ಯಂತ್ರದ ತಲೆಯ ಮೇಲೆ ಬೆಚ್ಚಗಿಟ್ಟಿರುತ್ತಾರೆ, ಆದ್ದರಿಂದ ಕಾಫಿ ಬೇಗ ಆರುವುದಿಲ್ಲ. ಒಳಗೇ ಕುಳಿತು ಕುಡಿಯುವವರಿಗೂ ಮುಚ್ಚಳ ಹಾಕಿದ ಕಾಗದದ ಲೋಟ ಕೊಡುವ ರೂಢಿ ಹೊಸ ಕಡೆಗಳಲ್ಲಿ ಹಬ್ಬಿದೆ. ನಾವು ರುಚಿ ಎಂದು ತಿಳಿಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ಬೀಜದ ಪರಿಮಳವನ್ನು ಫಲಕದ ತುಂಬ ವರ್ಣಿಸಿ, ಕೊನೆಗೆ ಮೂಗಿಗೆ ದಾರಿಯಿಲ್ಲದಂತೆ ಮುಚ್ಚಳ ಒತ್ತಿ ಕೊಡುವ ಪದ್ಧತಿಯನ್ನು ಕಂಡು ನನಗೆ ಈಗಲೂ ನಗು ಬರುತ್ತದೆ.

ಸೇವೆಯ ವಿಷಯದಲ್ಲಿ ಹಳೆಯ ಕೆಫೆಯ ಮಾಣಿಯ ಬಗ್ಗೆ ಎರಡು ಬಗೆಯ ದಂತಕಥೆಗಳಿವೆ: ಆತ ಸಿಡುಕ ಎಂಬುದು ಒಂದು, ಎಲ್ಲರ ಮನಸ್ಸನ್ನೂ ಬಲ್ಲವನು ಎಂಬುದು ಇನ್ನೊಂದು. ನಾನು ಕಂಡಂತೆ ಎರಡೂ ಅರ್ಧ ನಿಜ. ಹೊಸ ಕೆಫೆಯಲ್ಲಿ ಒಳಗೆ ಕಾಲಿಟ್ಟ ಕೂಡಲೇ ನಗುಮುಖ, ಹೆಸರು ಕೇಳಿ ಲೋಟದ ಮೇಲೆ ಬರೆಯುವ ಆತ್ಮೀಯತೆ, ದಿನ ಹೇಗಿತ್ತೆಂಬ ವಿಚಾರಣೆ ಎಲ್ಲ ದೊರೆಯುತ್ತವೆ. ಮರುವಾರ ಹೋದರೆ ಅದೇ ಹೆಸರನ್ನು ಅಷ್ಟೇ ಆತ್ಮೀಯತೆಯಿಂದ ಮತ್ತೆ ಕೇಳುತ್ತಾರೆ. ಹಳೆಯ ಕೆಫೆಯಲ್ಲಿ ಮೊದಲ ಸಲ ಹೋದವರನ್ನು ಯಾರೂ ವಿಶೇಷವಾಗಿ ಮಾತಾಡಿಸುವುದಿಲ್ಲ. ಕೆಲವು ಸಲ ಹೋಗಿಬಂದ ಮೇಲೆ, ಹೆಸರು ಕೇಳದೆಯೇ, ಸಕ್ಕರೆ ಇಲ್ಲದ ಕಾಫಿ ತಾನಾಗಿ ಮೇಜಿಗೆ ಬರುತ್ತದೆ. ಇದರಲ್ಲಿ ಪರಿಚಯವಿದೆ, ಆದರೆ ಸ್ನೇಹದ ಹಂಗಿಲ್ಲ. ಒಂಟಿಯಾಗಿ ಕೂರಲು ಬಂದವರಿಗೆ ಬೇಕಾಗುವುದು ಇಷ್ಟೇ ಪ್ರಮಾಣದ ಪರಿಚಯ. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ತಾಣಗಳಿಗೆ 'ಮೂರನೆಯ ಜಾಗ' ಎಂಬ ಹೆಸರನ್ನು 1989ರಲ್ಲಿ ಬಳಕೆಗೆ ತಂದ ಅಮೆರಿಕದ ಸಮಾಜವಿಜ್ಞಾನಿ ರೇ ಓಲ್ಡನ್‌ಬರ್ಗ್, ಅಂಥ ಜಾಗಗಳ ಲಕ್ಷಣಗಳನ್ನು ಹೇಳುವಾಗ ಖಾಯಂ ಗಿರಾಕಿಗಳ ಜೊತೆಗೆ ತೋರಿಕೆಯಿಲ್ಲದಿರುವಿಕೆಯನ್ನೂ ಸೇರಿಸಿದ್ದರು. ಹೊರಗಿನವರ ಕಣ್ಣಿಗೆ ಅದು ಏನೂ ಅನಿಸಬಾರದು; ಠೀವಿಯಿಂದ ಬರಬೇಕಾದ ಅಗತ್ಯ ಯಾರಿಗೂ ಬೀಳಬಾರದು. ಆ ಹೆಸರನ್ನು ಅವರ ನಂತರ ದೊಡ್ಡ ಕಾಫಿ ಕಂಪನಿಗಳು ತಮ್ಮ ಜಾಹೀರಾತಿಗೆ ಎತ್ತಿಕೊಂಡವು, ಈ ಲಕ್ಷಣವನ್ನು ಮಾತ್ರ ಬಿಟ್ಟುಬಿಟ್ಟವು.

ತೋರಿಕೆಯಿಲ್ಲದ ಜಾಗಕ್ಕೆ ಇನ್ನೊಂದು ಗುಣವೂ ಇದೆ: ಅಲ್ಲಿ ಸೇರುವವರು ಒಂದೇ ಅಚ್ಚಿನವರಾಗಿರುವುದಿಲ್ಲ. ಹದಿನೇಳನೆಯ ಶತಮಾನದ ಲಂಡನ್ನಿನ ಕಾಫಿ ಮನೆಗಳಲ್ಲಿ ಒಂದು ಪೆನ್ನಿ ಕೊಟ್ಟವರೆಲ್ಲ ಒಂದೇ ಉದ್ದದ ಮೇಜಿನ ಸುತ್ತ ಕೂರುತ್ತಿದ್ದರು. ಹಡಗಿನವರು ಸೇರುತ್ತಿದ್ದ ಎಡ್ವರ್ಡ್ ಲಾಯ್ಡನ ಕಾಫಿ ಮನೆಯಿಂದ ವಿಮೆಯ ದೊಡ್ಡ ಮಾರುಕಟ್ಟೆಯೇ ಬೆಳೆಯಿತು. ಜನ ಕೂಡಿ ಮಾತಾಡುವುದು ಅರಸನಿಗೆ ಎಷ್ಟು ಅಂಜಿಕೆ ಹುಟ್ಟಿಸಿತ್ತೆಂದರೆ 1675ರ ಡಿಸೆಂಬರಿನಲ್ಲಿ ಎರಡನೆಯ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಬೇಕೆಂದು ಘೋಷಿಸಿ, ಪ್ರತಿಭಟನೆ ಎದ್ದದ್ದರಿಂದ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದನು. ಶೋಕಿಯ ಕೆಫೆಯೊಂದನ್ನು ಮುಚ್ಚಿಸಲು ಇಂದು ಯಾವ ಸರ್ಕಾರವೂ ಈ ಕಾರಣಕ್ಕಾಗಿ ತಲೆ ಕೆಡಿಸಿಕೊಳ್ಳಲಾರದು; ಅಲ್ಲಿ ಹೆಚ್ಚಿನವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ತಮ್ಮ ತಮ್ಮ ಪರದೆಗಳ ಮುಂದೆ ಕುಳಿತಿರುತ್ತಾರೆ.

ಅಂದಚೆಂದದ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಮರುಬಳಕೆಯ ಮರದ ಮೇಜು, ತಂತಿ ಕಾಣುವ ಹಳದಿ ಬಲ್ಬು, ಬಿಳಿ ಟೈಲು, ಮೂಲೆಯಲ್ಲೊಂದು ಅಗಲ ಎಲೆಯ ಗಿಡ: ದೂರದ ನಗರಗಳ ಕೆಫೆಗಳೆಲ್ಲ ಒಂದನ್ನೊಂದು ಹೋಲತೊಡಗಿರುವುದನ್ನು ಅಮೆರಿಕದ ಪತ್ರಕರ್ತ ಕೈಲ್ ಚೇಕಾ 2016ರಲ್ಲೇ ಗುರುತಿಸಿ ಬರೆದಿದ್ದರು. ತಮಾಷೆಯೆಂದರೆ, ಇವುಗಳಲ್ಲಿ ಪ್ರತಿಯೊಂದೂ ತಾನು ಉಳಿದವರಿಗಿಂತ ಬೇರೆ ಎಂದು ತೋರಿಸಿಕೊಳ್ಳಲು ಹಣ ಸುರಿದಿರುತ್ತದೆ. ಹಳೆಯ ಕೆಫೆ ಬೇರೆಯಾಗಲು ಏನನ್ನೂ ಮಾಡಿರುವುದಿಲ್ಲ. ಒಡೆದ ಹೆಂಚಿನ ಜಾಗಕ್ಕೆ ಆಗ ಸಿಕ್ಕ ಹೆಂಚು, ಹಿಂದಿನ ಮಾಲೀಕರು ತೂಗುಹಾಕಿದ ಗಡಿಯಾರ, ಯಾರೋ ಗಿರಾಕಿ ಕೊಟ್ಟುಹೋದ ಚಿತ್ರ ಹೀಗೆ ಒಂದೊಂದೇ ಸೇರಿ ಮತ್ತೊಂದು ಕಡೆ ಕಟ್ಟಲಾಗದಂಥ ಕೋಣೆಯಾಗಿರುತ್ತದೆ.

ಹಣದ ಲೆಕ್ಕ ಇದಕ್ಕಿಂತ ಗಂಭೀರವಾದುದು. ವಿಯೆನ್ನಾದ ಕಾಫಿ ಮನೆಗಳ ಸಂಸ್ಕೃತಿಯನ್ನು 2011ರಲ್ಲಿ ಆಸ್ಟ್ರಿಯಾ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ ಅದರ ವಿವರಣೆಯಲ್ಲಿದ್ದ ಒಂದು ಮಾತು ಬಹಳ ಕಡೆ ಉಲ್ಲೇಖಗೊಂಡಿದೆ: ಅಲ್ಲಿ ಜನ ಬಳಸುವುದು ಕಾಲವನ್ನೂ ಜಾಗವನ್ನೂ, ಬಿಲ್ಲಿನಲ್ಲಿ ಕಾಣುವುದು ಕಾಫಿ ಮಾತ್ರ. ಚಿಕ್ಕ ಲೋಹದ ತಟ್ಟೆಯಲ್ಲಿ ಕಾಫಿಯ ಜೊತೆ ಬರುವ ಒಂದು ಲೋಟ ನೀರು, ಮರದ ಹಿಡಿಗೆ ಸಿಕ್ಕಿಸಿಟ್ಟ ದಿನಪತ್ರಿಕೆ, ಖಾಲಿ ಕಪ್ಪು ಮುಂದಿಟ್ಟುಕೊಂಡು ಕೂತವರನ್ನು ಏಳಿಸದ ಸಂಪ್ರದಾಯ ಇವು ಆ ಮಾತಿನ ಹಿಂದಿನ ವಸ್ತುಸ್ಥಿತಿ. ಇಟಲಿಯ ಬಾರುಗಳು ಇದೇ ಪ್ರಶ್ನೆಗೆ ಬೇರೆ ಉತ್ತರ ಕಂಡುಕೊಂಡವು: ನಿಂತು ಕುಡಿದರೆ ಒಂದು ಬೆಲೆ, ಕೂತರೆ ಅದಕ್ಕಿಂತ ಹೆಚ್ಚು. ಎರಡೂ ಪ್ರಾಮಾಣಿಕ ವ್ಯವಸ್ಥೆಗಳೇ. ಹೊಸ ಕೆಫೆಗಳಲ್ಲಿ ಬೇಸರ ತರುವುದು ಬೆಲೆಯ ಏರಿಕೆಯಲ್ಲ, ಅದರ ಅಸ್ಪಷ್ಟತೆ. ಅಲಂಕಾರದ ಖರ್ಚು, ಬಾಡಿಗೆ, ಸಾಲದ ಬಡ್ಡಿ ಎಲ್ಲವನ್ನೂ ಒಂದು ಕಪ್ಪಿನ ಮೇಲೆ ಹೇರಿದ ಮೇಲೆ ಗಿರಾಕಿ ತಾನು ಕೂರುವ ಹಕ್ಕನ್ನೂ ಕೊಂಡೆನೆಂದು ತಿಳಿಯುತ್ತಾನೆ. ಆದರೆ ಮೇಜಿನ ಮೇಲೆ ತೊಂಬತ್ತು ನಿಮಿಷದ ಮಿತಿಯ ಚೀಟಿ ಇರುತ್ತದೆ, ಅಂತರಜಾಲದ ಸಂಕೇತಪದ ಅರ್ಧಕ್ಕೇ ಸತ್ತುಹೋಗುತ್ತದೆ, ಯಾರೋ ಬಂದು ಇನ್ನೇನಾದರೂ ಬೇಕೇ ಎಂದು ಬೇರೆಯ ಅರ್ಥದಲ್ಲಿ ಕೇಳುತ್ತಾರೆ. ಮಾಲೀಕರನ್ನು ಇದಕ್ಕಾಗಿ ದೂರುವುದು ಪೂರ್ತಿ ಸರಿಯಲ್ಲ. ಹಳೆಯ ಕೆಫೆಯ ಉದಾರತೆಯ ಹಿಂದೆ ಎಷ್ಟೋ ಸಲ ಸ್ವಂತ ಕಟ್ಟಡವಿರುತ್ತದೆ, ಇಲ್ಲವೇ ಎಂದೋ ಗೊತ್ತುಮಾಡಿದ ಬಾಡಿಗೆ ಇರುತ್ತದೆ. ಕುರ್ಚಿ ಮೇಜುಗಳ ಸಾಲ ಒಂದು ತಲೆಮಾರಿನ ಹಿಂದೆಯೇ ತೀರಿರುತ್ತದೆ. ಇಂದು ಸಾಲ ಮಾಡಿ ಬಾಗಿಲು ತೆರೆದವರಿಗೆ ಆ ಔದಾರ್ಯ ಎಟುಕುವಂಥದ್ದಲ್ಲ. ಹಳೆಯ ಕೆಫೆಗಳು ಮುಚ್ಚಿದಾಗ ಅವುಗಳ ಜಾಗದಲ್ಲಿ ಅಂಥದ್ದೇ ಇನ್ನೊಂದು ಹುಟ್ಟದಿರುವುದಕ್ಕೆ ಜನರ ಅಭಿರುಚಿಗಿಂತ ಈ ಬಾಡಿಗೆಯೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ದೋಷಗಳನ್ನು ಮುಚ್ಚಿಡುವ ವಿಮರ್ಶೆಗೆ ಬೆಲೆಯಿಲ್ಲ. ಹಳೆಯ ಕೆಫೆಯ ಚರಿತ್ರೆ ಎಲ್ಲರನ್ನೂ ಒಳಗೆ ಕರೆದ ಚರಿತ್ರೆಯಲ್ಲ. ಮೇಲೆ ಹೊಗಳಿದ ಲಂಡನ್ನಿನ ಕಾಫಿ ಮನೆಗಳಲ್ಲಿ ಹೆಂಗಸರು ಗಲ್ಲಾದ ಹಿಂದೆ ಇರಬಹುದಿತ್ತು, ಗಿರಾಕಿಗಳಾಗಿ ಬಹುಮಟ್ಟಿಗೆ ಇರಲಿಲ್ಲ. ಹಲವು ಹಳೆಯ ಕೆಫೆಗಳಲ್ಲಿ ಇಂದಿಗೂ ಒಬ್ಬಳೇ ಬಂದ ಹೆಣ್ಣುಮಗಳ ಕಡೆ ತಲೆಗಳು ತಿರುಗುತ್ತವೆ, ಹೊಸ ಕೆಫೆಯಲ್ಲಿ ತಿರುಗುವುದಿಲ್ಲ. ಒಬ್ಬರಿಗೆ ನೆಮ್ಮದಿ ಕೊಡುವ 'ಖಾಯಂ ಗಿರಾಕಿಗಳ ಬಳಗ' ಇನ್ನೊಬ್ಬರಿಗೆ ಮುಚ್ಚಿದ ಬಾಗಿಲಾಗಬಲ್ಲದು. ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು, ಗಾಲಿಕುರ್ಚಿಗೆ ದಾರಿಯಿಲ್ಲ. ಶೌಚಾಲಯ ನೆಲಮಾಳಿಗೆಯಲ್ಲಿ, ಅದೂ ಕಿರಿದು. ಪ್ರಾಣಿಜನ್ಯ ಹಾಲು ಒಗ್ಗದವರಿಗೆ ಕಪ್ಪು ಕಾಫಿಯೊಂದೇ ಗತಿ. ಗಾಳಿಯಾಟ ಸಾಲದೆ ಎಣ್ಣೆಯ ವಾಸನೆ ಬಟ್ಟೆಗೆ ಹತ್ತುತ್ತದೆ. ಇವುಗಳಲ್ಲಿ ಒಂದೂ ಹಳೆಯ ಕೆಫೆಯ ಗುಣದ ಅವಿಭಾಜ್ಯ ಅಂಗವಲ್ಲ. ಕಟ್ಟೆಗೆ ಒಂದು ಇಳಿಜಾರು ಹಾಕಿಸಿದರೆ, ಗಾಳಿ ಹೊರಹಾಕುವ ಫ್ಯಾನು ಕೂರಿಸಿದರೆ ಆ ಕೋಣೆಯ ಸೊಗಸು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಹಾಗೆ ಮಾಡದಿರುವುದನ್ನು ಪರಂಪರೆ ಎನ್ನಬಾರದು, ಉದಾಸೀನ ಎನ್ನಬೇಕು.

ಈಚೆಗೆ ಮೂರನೆಯದೊಂದು ಜಾತಿಯೂ ಹುಟ್ಟಿಕೊಂಡಿದೆ: ಹಳೆಯದರಂತೆ ಕಾಣಲೆಂದು ಹೊಸದಾಗಿ ಕಟ್ಟಿದ ಕೆಫೆ. ಕನ್ನಡಿಗೆ ಬೇಕೆಂದೇ ಮಂಕು ಹಿಡಿಸಿರುತ್ತಾರೆ, ಎಂದೂ ಯಾರ ಮನೆಯಲ್ಲೂ ಇರದಿದ್ದ ಟೈಪ್‌ರೈಟರನ್ನು ಕಿಟಕಿಯಲ್ಲಿ ಇಟ್ಟಿರುತ್ತಾರೆ. ಇವನ್ನು ಗುರುತಿಸುವುದು ಸುಲಭ. ಸವೆತ ಎಲ್ಲಿದೆ ಎಂದು ನೋಡಬೇಕು. ನಿಜವಾದ ಹಳೆಯ ಕೆಫೆಯಲ್ಲಿ ಹೊಸ್ತಿಲು ನಡುವೆ ಸವೆದಿರುತ್ತದೆ, ಬಾಗಿಲ ಹಿಡಿ ಕೈ ತಾಗುವ ಕಡೆ ಮಾತ್ರ ಹೊಳೆಯುತ್ತದೆ, ಮೇಜಿನ ಅಂಚು ಮೊಣಕೈ ಊರುವ ಜಾಗದಲ್ಲಿ ಬಣ್ಣ ಕಳೆದುಕೊಂಡಿರುತ್ತದೆ. ನಕಲಿಯಲ್ಲಿ ಸವೆತ ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ಇನ್ನೊಂದು ಪರೀಕ್ಷೆ, ಒಳಗೆ ಕೂತವರ ಫೋನುಗಳು ಯಾವ ಕಡೆ ತಿರುಗಿವೆ ಎಂಬುದು. ಗೋಡೆಯ ಕಡೆ ತಿರುಗಿದ್ದರೆ ಅದು ನೋಡಲು ಬಂದವರ ಕೆಫೆ. ಹೆಸರಾಂತ ಹಳೆಯ ಕೆಫೆಗಳಲ್ಲೂ ಕೆಲವು ಈ ಸ್ಥಿತಿಗೆ ಬಂದಿವೆ. ಬಾಗಿಲ ಹೊರಗೆ ಸಾಲುಗಟ್ಟಿ ನಿಂತು ಒಳಗೆ ಹೋಗಬೇಕಾದ ಕಡೆ ಎಷ್ಟೇ ಹಳೆಯ ಅಮೃತಶಿಲೆ ಇದ್ದರೂ ಆ ಜಾಗ ಈಗ ಮೊದಲ ಸಲ ಬರುವವರದು.

ಒಟ್ಟಿನಲ್ಲಿ ನನ್ನ ಶಿಫಾರಸು ಹೀಗಿದೆ. ಒಂದು ನಿರ್ದಿಷ್ಟ ತೋಟದ ಬೀಜವನ್ನು ಸವಿಯಬೇಕೆನ್ನುವವರು, ಲ್ಯಾಪ್‌ಟಾಪಿಗೆ ವಿದ್ಯುತ್ತಿನ ತೂತು ಬೇಕೆನ್ನುವವರು, ಊರಿಗೆ ಹೊಸಬರಾಗಿದ್ದು ಯಾರ ಕಣ್ಣಿಗೂ ಬೀಳದಿರಲು ಬಯಸುವವರು ಹೊಸ ಕೆಫೆಗೇ ಹೋಗಬೇಕು. ಅಲ್ಲಿ ಸ್ಪೀಕರಿನಿಂದ ದೂರದ, ಕಿಟಕಿಗೆ ಪರದೆಯಿರುವ ಮೂಲೆಯನ್ನು ಹಿಡಿಯಬೇಕು. ಇಬ್ಬರು ಕೂತು ದನಿ ಏರಿಸದೆ ಒಂದು ಗಂಟೆ ಮಾತಾಡಬೇಕಾಗಿದ್ದರೆ, ಅಥವಾ ಒಬ್ಬರೇ ಏನನ್ನೂ ಮಾಡದೆ ಕೂರಬೇಕೆನಿಸಿದರೆ ಹಳೆಯದೇ ತಕ್ಕದ್ದು. ಊಟದ ಹೊತ್ತಿನ ನೂಕುನುಗ್ಗಲು ಕಳೆದ ಮೇಲೆ ಹೋಗಿ, ಗೋಡೆಗೆ ಒರಗಿದ ಬೆಂಚಿನ ಮೇಜನ್ನು ಆರಿಸಿಕೊಂಡು, ಹಾಲಿನ ಕಾಫಿಯನ್ನೇ ಕೇಳಿ. ಮೊದಲ ಸಲ ಮಾಣಿ ಮುಖ ಎತ್ತಿ ನೋಡದಿದ್ದರೆ ಬೇಸರಿಸಬೇಡಿ, ಅಂಕಗಳನ್ನು ಅಂದೇ ಕಳೆಯಲೂ ಬೇಡಿ.